ಎತ್ತಿದವನು ಹೇಗೆ ಇಳಿಸಬೇಕು?

ಕಾರಹುಣ್ಣಿಮೆ ಹೊತ್ತಿಗೆ ರಾಯಚೂರಿನ ಮುಂಗಾರು ಹಬ್ಬದಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವುದು, ಪೈಲ್ವಾನರ ಕುಸ್ತಿ ಎಲ್ಲ ನಿಮಗೆ ಗೊತ್ತೇ ಇದೆ. ಕುಸ್ತಿಯಲ್ಲಿ ಹೊಡೆಯುವಂತಿಲ್ಲ, ಒದೆಯುವಂತಿಲ್ಲ. ಎದುರಾಳಿಯ ಬೆನ್ನು ಮಣ್ಣಿಗೆ ಹತ್ತಿದರೆ ಮುಗಿಯಿತು. ಆಮೇಲೂ ಕುತ್ತಿಗೆ ಒತ್ತಿ ಹಿಡಿದರೆ ಅದು ಕುಸ್ತಿ ಅಲ್ಲ, ಜಗಳ.

ಜಪಾನಿನಲ್ಲೂ ಇಂಥ ಒಂದು ವಿದ್ಯೆ ಇದೆ. ಹೆಸರು ಐಕಿಡೊ. ಅದನ್ನು ಕಟ್ಟಿದವರು ಮೊರಿಹೇ ಉಯೆಶಿಬಾ (1883–1969). ಅವರು ಯೌವನದಲ್ಲಿ ಸೈನಿಕರಾಗಿದ್ದರು. 'ಐ' ಎಂದರೆ ಕೂಡುವುದು, 'ಕಿ' ಎಂದರೆ ಪ್ರಾಣಶಕ್ತಿ, 'ಡೊ' ಎಂದರೆ ದಾರಿ. ಹೊಡೆಯಲು ಬಂದವನಿಗೆ ತಿರುಗಿ ಹೊಡೆಯುವ ಬದಲು ಪಕ್ಕಕ್ಕೆ ಸರಿದು, ಅವನು ಬಂದ ಜೋರಿನಲ್ಲೇ ಅವನನ್ನು ತಿರುಗಿಸಿ ಕೆಡವುತ್ತಾರೆ. ಹೋರಿ ಹಾಯಲು ಬಂದಾಗ ನಾವು ಸರಿದು ನಿಲ್ಲುತ್ತೇವಲ್ಲ, ಹಂಗ. ಇದನ್ನು ಅಹಿಂಸೆಯ ವಿದ್ಯೆ ಎನ್ನುತ್ತಾರೆ. ಆದರೆ ಮಣಿಕಟ್ಟು ತಿರುವುವ ಪಟ್ಟುಗಳೂ ಅದರಲ್ಲಿವೆ. ಇನ್ನೊಂದಿಷ್ಟು ತಿರುವಿದರೆ ಎಲುಬೇ ಮುರಿದೀತು! ಅದಕ್ಕೇ ಸಿಕ್ಕಿಕೊಂಡವನು ನೆಲಕ್ಕೆ ಕೈ ಬಡಿದ ಕೂಡಲೇ ಬಿಟ್ಟುಬಿಡಬೇಕು. ಪೆಟ್ಟಾಗದಂತೆ ಬೀಳುವುದನ್ನೂ ಅಲ್ಲಿ ಕಲಿಸುತ್ತಾರೆ.

ಇದು ಬರೀ ಜಪಾನಿನದು ಎಂದುಕೊಳ್ಳಬೇಡಿ. ಪಂಪ 941ರಲ್ಲಿ ಬರೆದ 'ಆದಿಪುರಾಣ'ದಲ್ಲಿ ಭರತ ಬಾಹುಬಲಿಯರ ಕಥೆ ಇದೆ. ಅಣ್ಣತಮ್ಮಂದಿರ ಜಗಳಕ್ಕೆ ಸೈನಿಕರು ಯಾಕೆ ಸಾಯಬೇಕೆಂದು ಮಂತ್ರಿಗಳು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಈ ಮೂರನ್ನೇ ಇಟ್ಟರು. ಮೂರರಲ್ಲೂ ತಮ್ಮನೇ ಗೆದ್ದ. ಮಲ್ಲಯುದ್ಧದಲ್ಲಿ ಬಾಹುಬಲಿ ಅಣ್ಣನನ್ನು ಮೇಲಕ್ಕೆ ಎತ್ತಿದ. ಬೀಸಿ ಒಗೆದಿದ್ದರೆ ಕೇಳುವವರಿರಲಿಲ್ಲ. ಅವನು ಒಗೆಯಲಿಲ್ಲ, ಮೆಲ್ಲಗೆ ಇಳಿಸಿದ. ಆದರೆ ಭರತನ ಮೈಗೆ ಆಗದ ಪೆಟ್ಟು ಮನಸ್ಸಿಗೆ ಆಗಿತ್ತು. ಅವಮಾನ ತಾಳದೆ ತಮ್ಮನ ಮೇಲೆ ಚಕ್ರ ಬಿಟ್ಟ. ಅದು ಬಾಹುಬಲಿಗೆ ಪ್ರದಕ್ಷಿಣೆ ಹಾಕಿ ಸುಮ್ಮನೆ ನಿಂತಿತು. ಬಾಹುಬಲಿ ಗೆದ್ದ ರಾಜ್ಯವನ್ನು ಅಣ್ಣನಿಗೇ ಬಿಟ್ಟು ತಪಸ್ಸಿಗೆ ಹೋದ. ಚಾವುಂಡರಾಯ 981ರ ಸುಮಾರಿಗೆ ಶ್ರವಣಬೆಳಗೊಳದಲ್ಲಿ ನಿಲ್ಲಿಸಿದ ಮೂರ್ತಿ ಇವನದೇ. ಎತ್ತರ ಸುಮಾರು 57 ಅಡಿ. ಅಷ್ಟು ದೊಡ್ಡ ತೋಳುಗಳು, ಆದರೆ ಎರಡೂ ಸುಮ್ಮನೆ ಕೆಳಗೆ ಬಿಟ್ಟಿವೆ.

ಇದನ್ನು ಬರೆಯಲು ಒಂದು ಕಾರಣ ಇದೆ. ಒಮ್ಮೆ ಆಟದಲ್ಲಿ ನನಗಿಂತ ಸಣ್ಣ ಗೆಳೆಯನ ಕೈ ಹಿಂದಕ್ಕೆ ತಿರುವಿ ಹಿಡಿದಿದ್ದೆ. 'ಸಾಕು, ಬಿಡಲೇ' ಅಂದ. ಎಲ್ಲರೂ ನೋಡುತ್ತಿದ್ದರು. ಅದಕ್ಕೇ ಇನ್ನೊಂದು ಸಲ ತಿರುವಿದೆ. ಅವನ ಮಣಿಕಟ್ಟು ಬಾತುಕೊಂಡಿತು. ಎಂಟು ದಿನ ಅವನ ನೋಟ್ಸ್ ನಾನೇ ಬರೆದೆ. ಈಗ ಆಡುವ ಮೊದಲೇ, ನೆಲಕ್ಕೆ ಎರಡು ಸಲ ಬಡಿದರೆ ಬಿಡಬೇಕು ಅಂತ ಮಾತಾಡಿಕೊಂಡಿದ್ದೇವೆ. ಮೊನ್ನೆ ಮೊದಲು ಬಡಿದವನು ನಾನೇ. ಅವನು ಕೂಡಲೇ ಬಿಟ್ಟ.