ಪಾಲಿಹೌಸಿನ ಕೊತ್ತಂಬರಿ, ಪುದೀನ: ಮೊದಲು ಗುರುತು, ಆಮೇಲೆ ಔಷಧಿ



ಪಾಲಿಹೌಸು ಸೊಪ್ಪನ್ನು ಮಳೆಯಿಂದ ಕಾಪಾಡುತ್ತದೆ, ನಿಜ. ಆದರೆ ಅದೇ ಹೊದಿಕೆ ಒಳಗಿನ ತೇವವನ್ನೂ ಹಿಡಿದಿಡುತ್ತದೆ. ರಾತ್ರಿ ಹಾಳೆಯ ಒಳಮೈಯಲ್ಲಿ ಕಟ್ಟಿದ ಹನಿ ಬೆಳಗ್ಗೆ ಎಲೆಯ ಮೇಲೆ ತೊಟ್ಟಿಕ್ಕುತ್ತದೆ. ಹಲವು ರೋಗಗಳಿಗೆ ಇದೇ ದಾರಿ. ಕೊತ್ತಂಬರಿ ಸುಮಾರು 40 ದಿನದ ಬೆಳೆ. ರೋಗವನ್ನು ತಪ್ಪಾಗಿ ತಿಳಿದು ಒಂದು ವಾರ ಕಳೆದರೆ ಇಡೀ ಮಡಿ ಕೈಬಿಟ್ಟು ಹೋದೀತು. ಆದುದರಿಂದ ಈ ಕುರುಹುಗಳನ್ನು ತಿಳಿದಿರಬೇಕು.

1. ಬುಡ ಕೊಳೆ: ಎಳೆಯ ಸಸಿಯ ಬುಡ ನೆಲಮಟ್ಟದಲ್ಲಿ ಮೆತ್ತಗಾಗಿ, ಸಸಿಗಳು ಗುಂಪುಗುಂಪಾಗಿ ಒರಗುತ್ತವೆ. ಒತ್ತಾಗಿ ಬಿತ್ತುವುದೂ ನೀರು ನಿಲ್ಲುವುದೂ ಕಾರಣ. ಏರು ಮಡಿ ಮಾಡಿ, ಚೆನ್ನಾಗಿ ಕಳಿತ ಗೊಬ್ಬರದಲ್ಲಿ ಟ್ರೈಕೋಡರ್ಮ ಬೆರೆಸಿ ಹಾಕಿ. ಬೇಸಿಗೆಯಲ್ಲಿ ಖಾಲಿ ಮಡಿಯನ್ನು ನೆನೆಸಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಿಂದ 4ರಿಂದ 6 ವಾರ ಮುಚ್ಚಿದರೆ ಮಣ್ಣಿನ ಶಿಲೀಂಧ್ರ ಬಹುಮಟ್ಟಿಗೆ ನಾಶವಾಗುತ್ತದೆ.

2. ಕೊತ್ತಂಬರಿಯ ಎಲೆ ಚುಕ್ಕೆ: ನೀರಲ್ಲಿ ನೆಂದಂತಹ ಚುಕ್ಕೆಗಳು ಎಲೆಯ ನರಗಳ ನಡುವೆ ಮೂಡಿ ಕಪ್ಪಾಗುತ್ತವೆ. ಇದು ಬ್ಯಾಕ್ಟೀರಿಯಾದ ರೋಗ. ಬೀಜದಿಂದ ಬಂದು ಚಿಮ್ಮುವ ನೀರಿನಿಂದ ಹರಡುತ್ತದೆ. ಬೂದಿ ರೋಗಕ್ಕೆ ಹಾಕುವ ಗಂಧಕ ಇದಕ್ಕೆ ನಾಟದು. ರೋಗ ತಗುಲಿದ ಮಡಿಯ ಬೀಜ ಇಡಬೇಡಿ. ಎಲೆ ಒದ್ದೆಯಿರುವಾಗ ಮಡಿಯೊಳಗೆ ಕೈಯಾಡಿಸಬೇಡಿ.

3. ಬೂದಿ ರೋಗ: ಎಲೆಯ ಮೇಲೆ ಹಿಟ್ಟು ಉದುರಿಸಿದಂತೆ ಬಿಳಿ ಪುಡಿ. ಎಲೆ ಒಣಗಿದ್ದರೂ ಇದು ಹಬ್ಬುತ್ತದೆ. ನೀರು ಕಡಿಮೆ ಮಾಡಿದ ಮಾತ್ರಕ್ಕೆ ಹೋಗದು. ಒತ್ತಾದ ಸಸಿಗಳನ್ನು ತೆಳುವು ಮಾಡಿ ಗಾಳಿಯಾಡಲು ಬಿಡಿ. ಬಿಸಿಲೇರಿದಾಗ ಗಂಧಕ ಸಿಂಪಡಿಸಿದರೆ ಎಲೆ ಸುಟ್ಟೀತು.

4. ಪುದೀನದ ತುಕ್ಕು: ಎಲೆಯ ಕೆಳಮೈಯಲ್ಲಿ ಕಿತ್ತಳೆ-ಕಂದು ಗುಳ್ಳೆಗಳು. ಅಂತಹ ಗಿಡಗಳನ್ನು ಬುಡಸಹಿತ ಕಿತ್ತು ಸುಡಿ. ನಾಟಿಗೆ ರೋಗವಿಲ್ಲದ ತುಂಡುಗಳನ್ನೇ ಆರಿಸಿ.

ಎಲ್ಲಕ್ಕೂ ಸಲ್ಲುವ ನಿಯಮ: ಬೆಳಗ್ಗೆ ಪಕ್ಕದ ಪರದೆ ಎತ್ತಿ, ಹನಿ ನೀರಾವರಿಯಿಂದ ಬುಡಕ್ಕೆ ಮಾತ್ರ ನೀರು ಕೊಡಿ, ಸಂಜೆ ನೀರು ಬೇಡ.

ಈ ಸೊಪ್ಪನ್ನು ಜನ ಹಸಿಯಾಗಿಯೇ ತಿನ್ನುತ್ತಾರೆ. ಆದುದರಿಂದ ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿಲ್ಲದ ಔಷಧಿಯನ್ನು ಸಿಂಪಡಿಸಕೂಡದು. ಸಿಂಪಡಿಸಿದ ಮೇಲೆ ಚೀಟಿಯಲ್ಲಿ ಹೇಳಿದಷ್ಟು ದಿನ ಕೊಯ್ಯಕೂಡದು. ಸಂದೇಹವಿದ್ದರೆ ರೋಗದ ಗಿಡವೊಂದನ್ನು ಬೇರುಸಹಿತ ಕಿತ್ತು ರೈತ ಸಂಪರ್ಕ ಕೇಂದ್ರಕ್ಕೆ ತಂದು ತೋರಿಸಿ.