ಕೊಳ್ಳುವ ಬೆಲೆ, ಮಾರುವ ಬೆಲೆ

ಸಲಗರೆ ಮತ್ತು ಮಿರಜ್ ತಾಲೂಕಿನ ಸುತ್ತಲಿನ ಊರುಗಳಲ್ಲಿ ದ್ರಾಕ್ಷಿ ತೋಟಗಳಿವೆ. ದ್ರಾಕ್ಷಿಗೆ ವರ್ಷಕ್ಕೆ ಎರಡು ಸಲ ಚಾಟಣಿ ಮಾಡುತ್ತಾರೆ. ಒಂದು ಏಪ್ರಿಲ್ ಸುಮಾರಿಗೆ, ಇನ್ನೊಂದು ಅಕ್ಟೋಬರ್ ಸುಮಾರಿಗೆ. ಚಾಟಣಿ ಕೆಲಸಕ್ಕೆ ಕತ್ತರಿ ಬೇಕು. ಯಾವ ಕತ್ತರಿ ಕೊಂಡರೆ ಲಾಭ? ಲೆಕ್ಕ ಮಾಡಿ ನೋಡೋಣ.

ಓದಿರಿ

ಸೊಸೆ: ಅತ್ತಿ, ಚಾಟಣಿ ಕತ್ತರಿ ತಗೋಬೇಕ್ರಿ. ಒಂದು 250 ರೂಪಾಯಿಗೆ ಐತಿ. ಇನ್ನೊಂದು 1200 ಅಂತಾರ್ರಿ.

ಅತ್ತೆ: ರೇಟ್ ಒಂದ ನೋಡಬ್ಯಾಡವಾ. ಎಷ್ಟು ದಿನ ಬಾಳಕಿ ಬರತೈತಿ? ನಾಳೆ ಮಾರಿದ್ರ ಎಷ್ಟು ಸಿಗತೈತಿ? ಎಮ್ಮಿ ತರುವಾಗ ಇದನ್ನ ನೋಡತೀವಲ್ಲ?

ಸೊಸೆ: ಹೌದ್ರಿ. ಕತ್ತರಿಗೂ ಅದ ಲೆಕ್ಕ ಹಚ್ಚೋಣ್ರಿ.

ಲೆಕ್ಕ ನೋಡಿರಿ

(ಈ ದರಗಳನ್ನು ಕಲಿಯಲು ಹಿಡಿದಿದ್ದೇವೆ. ನಿಮ್ಮ ಪೇಟೆಯ ದರ ಹಾಕಿ ನೋಡಿರಿ.)

ಅಗ್ಗದ ಕತ್ತರಿ: ಬೆಲೆ 250 ರೂ. ಒಂದು ಚಾಟಣಿಗೆ ಮುಗಿಯಿತು. ಗುಜರಿಗೆ ಹಾಕಿದರೆ 10 ರೂ. ಒಂದು ಚಾಟಣಿಯ ಖರ್ಚು 240 ರೂ.

ಒಳ್ಳೆಯ ಕತ್ತರಿ: ಬೆಲೆ 1200 ರೂ. ನಾಲ್ಕು ಚಾಟಣಿ ಬಂತು. ಆಮೇಲೆ 400 ರೂಪಾಯಿಗೆ ಮಾರಿದರು. ಉಳಿದ ಖರ್ಚು 800 ರೂ. ನಾಲ್ಕರಿಂದ ಭಾಗಿಸಿದರೆ ಒಂದು ಚಾಟಣಿಗೆ 200 ರೂ.

ಬೆಲೆ ಹೆಚ್ಚು, ಆದರೆ ಖರ್ಚು ಕಡಿಮೆ. ಚಾಟಣಿಗೆ 40 ರೂ. ಉಳಿಯಿತು.

ಸಾಲ ತಂದು ಕೊಂಡರೆ?

1200 ರೂ. ಸಾಲ ತಂದರು ಅನ್ನೋಣ. ಬಡ್ಡಿ ತಿಂಗಳಿಗೆ ನೂರಕ್ಕೆ 3 ರೂ. ಅಂದರೆ ತಿಂಗಳಿಗೆ 36 ರೂ. ಆರು ತಿಂಗಳ ಮೇಲೆ ಸಾಲ ತೀರಿಸಿದರೆ ಬಡ್ಡಿಯೇ 216 ರೂ. ಆಗ ಒಟ್ಟು ಖರ್ಚು 800 ಅಲ್ಲ, 1016 ರೂ. ಒಂದು ಚಾಟಣಿಗೆ 254 ರೂ. ಬಿತ್ತು. ಅಗ್ಗದ ಕತ್ತರಿಗಿಂತ 14 ರೂ. ಜಾಸ್ತಿ! ಉಳಿತಾಯವನ್ನು ಬಡ್ಡಿ ತಿಂದಿತು.

ಹಾಗಾದರೆ ಏನು ಮಾಡಬೇಕು? ಸ್ವಸಹಾಯ ಸಂಘದಲ್ಲಿ ಕಡಿಮೆ ಬಡ್ಡಿಗೆ ಸಿಗುತ್ತದೆಯೇ ಕೇಳಿರಿ. ಇಲ್ಲವೇ ಪಗಾರದಲ್ಲಿ ಸ್ವಲ್ಪ ಸ್ವಲ್ಪ ತೆಗೆದಿಟ್ಟು ಕೊಳ್ಳಿರಿ. ಇನ್ನೊಂದು ದಾರಿ, ಬೇರೆಯವರು ಬಳಸಿದ ಒಳ್ಳೆಯ ಕತ್ತರಿ. 500 ರೂಪಾಯಿಗೆ ಕೊಂಡು, ಎರಡು ಚಾಟಣಿ ಮಾಡಿ, 200 ರೂಪಾಯಿಗೆ ಮಾರಿದರೆ ಒಂದು ಚಾಟಣಿಗೆ 150 ರೂ. ಮಾತ್ರ.

ಹಳೆಯದನ್ನು ಕೊಳ್ಳುವಾಗ ನೋಡಿರಿ

1. ಅಲಗಿನಲ್ಲಿ ಬಿರುಕು ಇದೆಯೇ?
2. ಅಲಗು ನೀಲಿಗಟ್ಟಿದೆಯೇ? ಸಾಣೆ ಹಿಡಿಯುವಾಗ ಅತಿಯಾಗಿ ಕಾದರೆ ಹೀಗಾಗುತ್ತದೆ. ಅಂಥ ಉಕ್ಕು ಮೆತ್ತಗಾಗಿ ಬೇಗ ಮೊಂಡಾಗುತ್ತದೆ.
3. ನಟ್ಟು ಬಿಗಿ ಮಾಡಿದರೂ ಅಲಗು ಅಲುಗಾಡುತ್ತದೆಯೇ?
4. ಸ್ಪ್ರಿಂಗು, ಅಲಗು ಬಿಡಿಯಾಗಿ ಪೇಟೆಯಲ್ಲಿ ಸಿಗುತ್ತವೆಯೇ? ಬಿಡಿಭಾಗ ಸಿಗುವ ಕತ್ತರಿಗೆ ಗಿರಾಕಿಯೂ ಸಿಗುತ್ತಾರೆ.

ಎಲ್ಲ ಸಾಮಾನಿಗೂ ಒಂದೇ ಲೆಕ್ಕವಲ್ಲ

ಕುಡಗೋಲು, ಕುರ್ಪಿಗೆ ಮಾರುವ ಬೆಲೆ ಬಹಳ ಇರುವುದಿಲ್ಲ. ಅವು ಸವೆದು ಸಣ್ಣಗಾಗುತ್ತವೆ. ಅಲ್ಲಿ ಬಾಳಿಕೆಯನ್ನೇ ನೋಡಬೇಕು. ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಕಮ್ಮಾರರು ಕುಡಗೋಲು ಮಾಡುತ್ತಾರೆ. ಅದು ಗಟ್ಟಿ ಉಕ್ಕು. ಮೊಂಡಾದರೆ ಮತ್ತೆ ಕಾಸಿ ಬಡಿಸಬಹುದು. ಹಾರೆಯದು ಬೇರೆ. ಅದು ಮುರಿದರೂ ಕಬ್ಬಿಣದ ತೂಕಕ್ಕೆ ದುಡ್ಡು ಬರುತ್ತದೆ.

ನೆನಪಿಡಿರಿ

ಕೆಲಸ ಮುಗಿದ ಮೇಲೆ ಕತ್ತರಿ ಒರೆಸಿ, ಎಣ್ಣೆ ಹಚ್ಚಿ ಇಡಿರಿ. ತುಕ್ಕು ಹಿಡಿದರೆ ಬೆಲೆ ಇಳಿಯಿತು. ಮಾರುವುದಿದ್ದರೆ ಚಾಟಣಿ ಶುರುವಾಗುವ ಮೊದಲು ಮಾರಿರಿ, ಆಗ ಗಿರಾಕಿ ಹೆಚ್ಚು. ಹೊಸದು ಕೊಂಡಾಗ ಪಾವತಿ ಕೇಳಿರಿ. ಅದನ್ನು ಜೋಪಾನ ಮಾಡಿರಿ. ಮಾರುವಾಗ ಅದನ್ನು ತೋರಿಸಿದರೆ ಕೊಳ್ಳುವವರಿಗೆ ನಂಬಿಕೆ ಬರುತ್ತದೆ. ಅಂಗಡಿಯಲ್ಲಿ ಮೋಸವಾದರೆ 1915 ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು. ಆಗಲೂ ಪಾವತಿ ಬೇಕಾಗುತ್ತದೆ.

ಹೊಸ ಪದಗಳು

ಬಾಳಿಕೆ, ಅಲಗು, ಬಿಡಿಭಾಗ, ಪಾವತಿ, ಗಿರಾಕಿ

ನೀವೇ ಮಾಡಿರಿ

1. ಒಂದು ಸಲಿಕೆಯ ಬೆಲೆ 450 ರೂ. ಮೂರು ವರ್ಷ ಬಂತು. 60 ರೂಪಾಯಿಗೆ ಮಾರಿದರು. ಒಂದು ವರ್ಷದ ಖರ್ಚು ಎಷ್ಟು?
2. ನಿಮ್ಮ ಮನೆಯ ಒಂದು ಸಾಮಾನಿನ ಹೆಸರು, ಕೊಂಡ ಬೆಲೆ, ಕೊಂಡ ವರ್ಷ ಬರೆಯಿರಿ. ಈಗ ಮಾರಿದರೆ ಎಷ್ಟು ಬರಬಹುದು? ಮನೆಯವರನ್ನು ಕೇಳಿ ಬರೆಯಿರಿ.