ಥೈರಾಯ್ಡ್ ಮಾತ್ರೆ ಶುರುವಾದ ಮೇಲೆ ಕೀಲುನೋವು

ಪ್ರಶ್ನೆ: ನನಗೆ 38 ವರ್ಷ. ಹೈಪರ್‌ಥೈರಾಯ್ಡ್‌ಗೆ ಐದು ವಾರಗಳಿಂದ ಕಾರ್ಬಿಮಜೋಲ್ ತೆಗೆದುಕೊಳ್ಳುತ್ತಿದ್ದೇನೆ. ಎದೆಬಡಿತ ಹತೋಟಿಗೆ ಬಂದಿದೆ. ಆದರೆ ಬೆರಳು, ಮಣಿಕಟ್ಟು, ಮಂಡಿ ವಿಪರೀತ ನೋಯುತ್ತಿವೆ. ಬೆಳಿಗ್ಗೆ ರೊಟ್ಟಿ ತಟ್ಟಲೂ ಆಗುತ್ತಿಲ್ಲ. ಮಾತ್ರೆ ನಿಲ್ಲಿಸಲೇ?
– ಹೆಸರು ಬೇಡ, ದಾವಣಗೆರೆ

ಉತ್ತರ: ಈ ನೋವನ್ನು ಸುಸ್ತು, ವಯಸ್ಸು ಎಂದು ತಳ್ಳಿಹಾಕಬೇಡಿ. ಕಾರ್ಬಿಮಜೋಲ್ ಕೆಲವರಲ್ಲಿ ಕೀಲುನೋವು ತರುತ್ತದೆ, ಹೆಚ್ಚಾಗಿ ಮೊದಲ ಎರಡು ತಿಂಗಳೊಳಗೆ. ಅಪರೂಪಕ್ಕೆ ಹಲವು ಕೀಲುಗಳು ಊದಿಕೊಂಡು ಸಂಧಿವಾತದಂತೆಯೇ ಕಾಡುವುದುಂಟು. ಹಾಗಾದರೆ ವೈದ್ಯರು ಮಾತ್ರೆ ನಿಲ್ಲಿಸಿ, ರೇಡಿಯೊ ಅಯೋಡಿನ್ ಅಥವಾ ಶಸ್ತ್ರಚಿಕಿತ್ಸೆಯ ಬಗ್ಗೆ ಯೋಚಿಸುತ್ತಾರೆ.

ಡೋಸ್ ಹೆಚ್ಚಾಗಿ ಹಾರ್ಮೋನ್ ತೀರಾ ಇಳಿದರೂ ಮೈಕೈ ಹಿಡಿದುಕೊಳ್ಳುತ್ತದೆ. ಟಿಎಸ್‌ಎಚ್ ಒಂದನ್ನೇ ನೋಡಿದರೆ ಇದು ತಿಳಿಯದು. ಚಿಕಿತ್ಸೆ ಶುರುವಾಗಿ ತಿಂಗಳುಗಳಾದರೂ ಅದು ಕೆಳಗೇ ಉಳಿಯಬಹುದು. ಹಾಗಾಗಿ ಫ್ರೀ ಟಿ4, ಟಿ3 ಮಾಡಿಸಿ. ಜೊತೆಗೆ ಸಿಬಿಸಿ, ಇಎಸ್‌ಆರ್ ಇರಲಿ. ನಿಮ್ಮದು ಗ್ರೇವ್ಸ್ ಕಾಯಿಲೆಯಾದರೆ ರುಮಟಾಯ್ಡ್ ಪರೀಕ್ಷೆಯನ್ನೂ ಕೇಳಿ. ಎರಡೂ ರೋಗನಿರೋಧಕ ವ್ಯವಸ್ಥೆಯ ಎಡವಟ್ಟುಗಳೇ, ಕೆಲವೊಮ್ಮೆ ಒಟ್ಟಿಗೆ ಬರುತ್ತವೆ.

ನೀವಾಗಿಯೇ ಮಾತ್ರೆ ಬಿಡಬೇಡಿ, ಎದೆಬಡಿತ ಮರುಕಳಿಸೀತು. ಒಂದೆರಡು ದಿನದಲ್ಲೇ ವೈದ್ಯರನ್ನು ಕಾಣಿ. ಆದರೆ ಜ್ವರ, ಗಂಟಲುನೋವು ಅಥವಾ ಬಾಯಿಹುಣ್ಣು ಬಂದರೆ ಮಾತ್ರೆಯನ್ನು ಅಲ್ಲಿಗೇ ನಿಲ್ಲಿಸಿ, ಅದೇ ದಿನ ಆಸ್ಪತ್ರೆಗೆ ಹೋಗಿ ಸಿಬಿಸಿ ಮಾಡಿಸಿ. ಬಿಳಿ ರಕ್ತಕಣಗಳು ಕುಸಿದಿರಬಹುದು, ಅದು ಪ್ರಾಣಕ್ಕೇ ಅಪಾಯ.

ಸದ್ಯಕ್ಕೆ ನೋವಿಗೆ ಪ್ಯಾರಸಿಟಮಾಲ್ ಸಾಕು, ಆಸ್ಪಿರಿನ್ ಬೇಡ. ಪ್ಯಾರಸಿಟಮಾಲ್ ಜ್ವರವನ್ನು ಮರೆಮಾಚುತ್ತದೆ. ನುಂಗುವ ಮೊದಲು ಥರ್ಮಾಮೀಟರ್ ಇಟ್ಟು ನೋಡಿ. ಕಾರಣ ಸಿಕ್ಕರೆ ಈ ನೋವಿಗೆ ಪರಿಹಾರ ಖಂಡಿತ ಇದೆ, ಧೈರ್ಯವಾಗಿರಿ.